ಊಟ ತನ್ನಿಚ್ಛೆ: ಮಗುವಿಗೂ ಅನ್ವಯವೆ?

ರಾತ್ರಿ ಎಂಟು ಗಂಟೆಯ ಹೊತ್ತಿಗೆ ಮುನಿರ್ಕಾದ ಡಿ.ಡಿ.ಎ. ಫ್ಲ್ಯಾಟುಗಳ ಮೆಟ್ಟಿಲನ್ನು ಹತ್ತಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಒಂದೊಂದು ಅಂತಸ್ತಿನಲ್ಲಿ ಒಂದೊಂದು ಬಗೆಯ ಒಗ್ಗರಣೆಯ ವಾಸನೆ, ಒಂದೊಂದು ಭಾಷೆ. ಆದರೆ ಎಲ್ಲ ಬಾಗಿಲುಗಳ ಹಿಂದೆಯೂ ನಡೆಯುತ್ತಿರುವ ಮಾತು ಒಂದೇ. ಕೆಳಗಿನ ಮನೆಯಲ್ಲಿ ‘ಬಸ್, ಏಕ್ ಔರ್’ ಎನ್ನುತ್ತಾರೆ. ಎದುರು ಮನೆಯ ತಮಿಳರು ‘ಇನ್ನೊರು ವಾಯ್’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ‘ಒಂದೇ ಒಂದು ತುತ್ತು, ನನ್ನ ಬಂಗಾರ’. ತಟ್ಟೆಯ ಮುಂದೆ ಕುಳಿತ ಎರಡು-ಮೂರು ವರ್ಷದ ಕೂಸು ಮಾತ್ರ ಎಲ್ಲ ಭಾಷೆಗೂ ಒಂದೇ ಉತ್ತರ ಕೊಡುತ್ತದೆ. ತುಟಿಯನ್ನು ಬಿಗಿದು ಮುಖವನ್ನು ಆ ಕಡೆಗೆ ತಿರುಗಿಸುತ್ತದೆ.

ಇದು ಅಡಿಗೆಮನೆಯ ವಿಷಯ, ಇದರಲ್ಲಿ ವಿಚಾರ ಮಾಡುವಂಥದ್ದು ಏನಿದೆ ಎಂದು ಕೆಲವರಿಗೆ ಅನ್ನಿಸಬಹುದು. ನನಗೂ ಬಹುಕಾಲ ಹಾಗೆಯೇ ಅನ್ನಿಸಿತ್ತು. ಈಗ ವಯಸ್ಸಾದ ಮೇಲೆ, ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಮೇಲೆ ಪ್ರೀತಿಯ ಹೆಸರಿನಲ್ಲಿ ಎಷ್ಟರಮಟ್ಟಿಗೆ ಅಧಿಕಾರ ನಡೆಸಬಹುದು ಎಂಬ ಪ್ರಶ್ನೆ ನಮ್ಮೆಲ್ಲರ ಮನೆಗೂ ಮೊದಲು ಬರುವುದು ಈ ತುತ್ತಿನ ರೂಪದಲ್ಲಿಯೇ ಎಂದು ತೋರುತ್ತಿದೆ.

ನಮ್ಮ ಹಿರಿಯರು ಈ ವಿಷಯದಲ್ಲಿ ಎರಡು ಗಾದೆಗಳನ್ನು ಕೊಟ್ಟು ಹೋಗಿದ್ದಾರೆ. ಒಂದು, ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’. ಇನ್ನೊಂದು, ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ನಮಗೆ ಬೇಡವಾದದ್ದನ್ನು ಯಾರಾದರೂ ಬಡಿಸಲು ಬಂದರೆ ಮೊದಲನೆಯ ಗಾದೆಯನ್ನು ಹೇಳಿ ಕೈ ಅಡ್ಡ ಹಿಡಿಯುತ್ತೇವೆ. ಮಗು ಬೇಡವೆಂದಾಗ ಎರಡನೆಯದನ್ನು ಹೇಳಿ ಅದರ ಕೈಯನ್ನು ಸರಿಸುತ್ತೇವೆ. ಇವೆರಡರಲ್ಲಿ ಯಾವುದು ನ್ಯಾಯ?

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಅದು 1989ರ ಚಳಿಗಾಲ. ಅರಸೀಕೆರೆಯ ಕಡೆಯಿಂದ ನನ್ನ ತಾಯಿ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕುಳಿತು ದೆಹಲಿಗೆ ಬಂದಿದ್ದರು. ಜೊತೆಯಲ್ಲಿ ಒಂದು ಚೀಲ ರಾಗಿಹಿಟ್ಟು, ಒಂದು ಗಂಟು ಹುರುಳಿ. ಮೊಮ್ಮಗಳಿಗೆಂದು ಹುರುಳಿಕಟ್ಟಿನ ಸಾರು ಮಾಡಿದರು. ಮೂರು ವರ್ಷದ ನನ್ನ ಮಗಳು ಅದನ್ನು ಮೂಸಿ ನೋಡಿ ‘ಛೀ’ ಎಂದಳು. ತಾಯಿಯ ಮುಖ ಸಣ್ಣದಾಯಿತು. ಆ ಮುಖವನ್ನು ನೋಡಿದ ನನಗೆ ಏನಾಯಿತೋ, ಮಗುವನ್ನು ತೊಡೆಯ ಮೇಲೆ ಎಳೆದು ಕೂರಿಸಿಕೊಂಡು, ಮೂಗನ್ನು ಹಿಡಿದು, ಬಾಯಿ ತೆರೆದೊಡನೆ ಸಾರನ್ನವನ್ನು ತುರುಕಿದೆ. ಮಗು ಉಸಿರು ಕಟ್ಟಿ ಅತ್ತಿತು, ತಿಂದದ್ದನ್ನೆಲ್ಲ ಕಾರಿಕೊಂಡಿತು. ನನ್ನ ತಾಯಿಯೇ ಎದ್ದು ಬಂದು, ‘ಬಿಡಪ್ಪಾ, ಹುರುಳಿ ತಿನ್ನದಿದ್ದರೆ ಯಾರೂ ಸಾಯುವುದಿಲ್ಲ’ ಎಂದು ಮಗುವನ್ನು ಎತ್ತಿಕೊಂಡರು. ಆ ನಂತರ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನನ್ನ ಮಗಳು ಹುರುಳಿಯನ್ನು ಮುಟ್ಟಲಿಲ್ಲ.

ಅಂದು ನಾನು ಮಾಡಿದ್ದು ಮಗುವಿನ ಒಳ್ಳೆಯದಕ್ಕೆ ಎಂದು ಬಹುದಿನ ನಂಬಿದ್ದೆ. ಅದು ಸುಳ್ಳು. ನನ್ನ ತಾಯಿಯ ಮುಂದೆ ನನ್ನ ಮರ್ಯಾದೆ ಉಳಿಯಬೇಕಾಗಿತ್ತು. ‘ದೆಹಲಿಗೆ ಹೋಗಿ ಮಕ್ಕಳನ್ನು ಕೆಡಿಸಿದ’ ಎಂಬ ಮಾತು ಊರಿಗೆ ತಲುಪಬಾರದಾಗಿತ್ತು. ಅದಕ್ಕಾಗಿ ಒಂದು ಮಗುವಿನ ಬಾಯಿಯನ್ನು ಉಪಯೋಗಿಸಿಕೊಂಡೆ. ಮನುಷ್ಯನನ್ನು ಎಂದಿಗೂ ಬರಿಯ ಸಾಧನವಾಗಿ ಕಾಣಬಾರದು ಎಂದು ಜರ್ಮನಿಯ ಕಾಂಟ್ 1785ರಲ್ಲಿ ಬರೆದ. ಆ ದೊಡ್ಡ ಮಾತಿಗೆ ನನ್ನ ಮನೆಯ ಸಾರನ್ನವೇ ಉದಾಹರಣೆಯಾದೀತೆಂದು ನಾನು ಎಣಿಸಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಮಕ್ಕಳಿಗೆ ಬುದ್ಧಿ ಬಲಿತಿರುವುದಿಲ್ಲ. ಅವರ ಪರವಾಗಿ ಹಿರಿಯರೇ ತೀರ್ಮಾನಿಸಬೇಕಲ್ಲವೆ? ವ್ಯಕ್ತಿಸ್ವಾತಂತ್ರ್ಯದ ಪರವಾಗಿ 1859ರಲ್ಲಿ ಪ್ರಸಿದ್ಧವಾದ ಗ್ರಂಥ ಬರೆದ ಜಾನ್ ಸ್ಟೂವರ್ಟ್ ಮಿಲ್ ಕೂಡ, ತನ್ನ ತತ್ತ್ವ ಮಕ್ಕಳಿಗೆ ಅನ್ವಯಿಸುವುದಿಲ್ಲವೆಂದು ಸ್ಪಷ್ಟವಾಗಿಯೇ ಹೇಳಿದ್ದಾನೆ. ಮಗು ರಸ್ತೆಗೆ ಓಡಿದರೆ ರಟ್ಟೆ ಹಿಡಿದು ಎಳೆಯುತ್ತೇವೆ. ಜ್ವರ ಬಂದಾಗ ಅದು ಅತ್ತರೂ ಔಷಧಿ ಕುಡಿಸುತ್ತೇವೆ. ನಮ್ಮ ಅಜ್ಜಿಯಂದಿರು ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ಕಷಾಯ ಹೊಯ್ಯುತ್ತಿರಲಿಲ್ಲವೆ? ಹಾಗಿರುವಾಗ ಊಟಕ್ಕೆ ಮಾತ್ರ ಈ ವಿನಾಯಿತಿ ಏಕೆ?

ಒಳ್ಳೆಯ ಪ್ರಶ್ನೆಯೇ. ಆದರೆ ಔಷಧಿಗೂ ಊಟಕ್ಕೂ ಒಂದು ವ್ಯತ್ಯಾಸವಿದೆ. ಔಷಧಿ ಎಷ್ಟು ಬೇಕೆಂಬುದು ವೈದ್ಯರಿಗೆ ಗೊತ್ತು, ಮಗುವಿಗೆ ಗೊತ್ತಿಲ್ಲ. ಹಸಿವೆ ಎಷ್ಟಿದೆ ಎಂಬುದು ಮಗುವಿಗೆ ಗೊತ್ತು, ವೈದ್ಯರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅದರ ಹೊಟ್ಟೆಯ ವಿಷಯದಲ್ಲಿ ಅದೇ ಪಂಡಿತ. ಹಿರಿಯರ ಅಧಿಕಾರವೆಲ್ಲ ‘ನಿನಗಿಂತ ನನಗೆ ಹೆಚ್ಚು ಗೊತ್ತು’ ಎಂಬುದರ ಮೇಲೆ ನಿಂತಿರುತ್ತದೆ. ನಮಗೆ ಕಡಿಮೆ ಗೊತ್ತಿರುವ ಕಡೆ ಆ ಅಧಿಕಾರವೂ ಕಡಿಮೆಯಾಗಬೇಕಾದದ್ದು ನ್ಯಾಯ.

ಮಗು ಬೇಡವೆನ್ನುವುದಕ್ಕೆ ಪ್ರಕೃತಿಯಲ್ಲಿಯೇ ಕಾರಣಗಳಿವೆ. ಹುಟ್ಟಿದಾಗ ಮೂರು ಕಿಲೋ ತೂಗುವ ಕೂಸು ವರ್ಷ ತುಂಬುವ ವೇಳೆಗೆ ಸುಮಾರು ಒಂಬತ್ತು ಕಿಲೋ ಆಗುತ್ತದೆ. ಎರಡನೆಯ ವರ್ಷದಲ್ಲಿ ಅದು ಏರುವುದು ಎರಡು-ಎರಡೂವರೆ ಕಿಲೋ ಮಾತ್ರ. ಬೆಳವಣಿಗೆಯ ವೇಗ ತಗ್ಗಿದ ಮೇಲೆ ಹಸಿವೆಯೂ ತಗ್ಗುತ್ತದೆ. ಹೋದ ವರ್ಷ ಬಟ್ಟಲು ಖಾಲಿ ಮಾಡುತ್ತಿದ್ದ ಮಗು ಈಗ ಅರ್ಧಕ್ಕೆ ಬಿಡುತ್ತದೆಂದು ತಾಯಿ ಕಣ್ಣೀರಿಡುತ್ತಾಳೆ. ಮಗು ತನ್ನ ಲೆಕ್ಕವನ್ನು ಸರಿಯಾಗಿಯೇ ಇಟ್ಟಿರುತ್ತದೆ. ಎರಡನೆಯ ಕಾರಣ, ಎರಡು ವರ್ಷದ ಆಸುಪಾಸಿನಲ್ಲಿ ಅರಿಯದ ಆಹಾರವನ್ನು ಕಂಡರೆ ಒಂದು ಬಗೆಯ ಭಯ ಹುಟ್ಟುತ್ತದೆ. ನಡೆಯಲು ಕಲಿತು ತಾಯಿಯ ಕಣ್ಣಿನಿಂದ ದೂರ ಹೋಗುವ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳದಿರಲೆಂದು ಪ್ರಕೃತಿ ಇಟ್ಟ ಕಾವಲು ಇದು ಎಂದು ಅನೇಕ ವಿದ್ವಾಂಸರ ಊಹೆ. ಮೂರನೆಯದು, ‘ಬೇಡ’ ಎಂಬ ಮಾತು. ಅದನ್ನು ಮಗು ಹೊಸದಾಗಿ ಕಲಿತಿರುತ್ತದೆ. ತಾನೊಬ್ಬ ಬೇರೆಯ ವ್ಯಕ್ತಿ ಎಂದು ಅದು ಲೋಕಕ್ಕೆ ಸಾರುವ ಮೊದಲ ಮಾತು ಅದು. ಆ ಮಾತು ನಡೆಯುವುದೋ ಇಲ್ಲವೋ ಎಂದು ಪರೀಕ್ಷಿಸಲು ಊಟದ ತಟ್ಟೆಗಿಂತ ಅನುಕೂಲವಾದ ಸ್ಥಳ ಅದಕ್ಕೆ ಇನ್ನೆಲ್ಲಿ ಸಿಕ್ಕೀತು?

ಮೂಗು ಹಿಡಿಯುವುದನ್ನು ಇಂದಿನ ತಂದೆತಾಯಿಗಳು ಬಹುಮಟ್ಟಿಗೆ ಬಿಟ್ಟಿದ್ದಾರೆ, ಸಂತೋಷ. ಆದರೆ ಬಲಾತ್ಕಾರಕ್ಕೆ ಬೇರೆ ವೇಷಗಳೂ ಇವೆ.

ಮೊದಲನೆಯದು ಹೆದರಿಕೆ. ಗುಮ್ಮ ಬರುತ್ತಾನೆ, ಪೋಲೀಸಿನವನು ಬರುತ್ತಾನೆ ಎನ್ನುವುದು. ಪುರಂದರದಾಸರ ಹಾಡಿನ ಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಂಡಿರುವಾಗ ಸಾಮಾನ್ಯ ಮಕ್ಕಳ ಪಾಡೇನು! ಎರಡನೆಯದು ಲಂಚ. ‘ಪಲ್ಯ ತಿಂದರೆ ಚಾಕೊಲೇಟು’. ಇದರಲ್ಲಿ ಒಂದು ವಿಚಿತ್ರವಿದೆ. ಅಮೆರಿಕದ ಲಿಯಾನ್ ಬರ್ಚ್ ಎಂಬ ವಿದುಷಿ ಮತ್ತು ಆಕೆಯ ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದು ಪಾನೀಯವನ್ನು ಕುಡಿದುದಕ್ಕೆ ಬಹುಮಾನ ಪಡೆದ ಮಕ್ಕಳಿಗೆ ಕ್ರಮೇಣ ಆ ಪಾನೀಯವೇ ಹಿಡಿಸದಂತಾಯಿತು. ಆಶ್ಚರ್ಯವೇನಿಲ್ಲ, ತಿಂದುದಕ್ಕೆ ಕೂಲಿ ಕೊಡುತ್ತಾರೆಂದರೆ ತಿನ್ನುವುದು ಕಷ್ಟದ ಕೆಲಸವೇ ಇರಬೇಕು ಎಂದು ಮಗು ತರ್ಕಿಸುತ್ತದೆ. ಮೂರನೆಯದು ಮೊಬೈಲು. ಚಿತ್ರ ನೋಡುತ್ತಾ ಬಾಯಿ ತೆರೆದ ಮಗುವಿಗೆ ಏನು ಬಿತ್ತೆಂಬುದೇ ಗೊತ್ತಾಗುವುದಿಲ್ಲ. ಹೊಟ್ಟೆ ತುಂಬಿದುದೂ ಗೊತ್ತಾಗುವುದಿಲ್ಲ. ನಮ್ಮ ತಾಯಂದಿರೂ ಚಂದಮಾಮನನ್ನು ತೋರಿಸಿ ಉಣ್ಣಿಸಲಿಲ್ಲವೆ ಎಂದು ಕೇಳಬಹುದು. ತೋರಿಸಿದರು. ಆದರೆ ಚಂದ್ರನನ್ನು ತೋರಿಸುವಾಗ ತಾಯಿಯೂ ಮಾತನಾಡುತ್ತಿದ್ದಳು, ಮಗುವೂ ಮಾತನಾಡುತ್ತಿತ್ತು. ತುತ್ತು ಇಬ್ಬರ ನಡುವೆ ಇರುತ್ತಿತ್ತು.

ನಾಲ್ಕನೆಯದು ಮೋಸ. ಪಾಲಕ್ಕನ್ನು ಅರೆದು ಚಪಾತಿ ಹಿಟ್ಟಿಗೆ ಸೇರಿಸಿ ಬಚ್ಚಿಡುವುದು. ಇದನ್ನು ಪೂರ್ತಿ ಪಾಪವೆಂದು ನಾನು ಹೇಳಲಾರೆ. ಪಾಲಕ್ ಪೂರಿಯನ್ನು ಹಸಿರಾಗಿಯೇ ಮಾಡಿ ‘ಇದು ಪಾಲಕ್ಕಿನದು’ ಎಂದು ಹೇಳಿ ಬಡಿಸಿದರೆ ಅದು ಅಡಿಗೆ. ‘ಇದರಲ್ಲಿ ಏನೂ ಇಲ್ಲ’ ಎಂದರೆ ಸುಳ್ಳು. ಮಗು ಒಂದು ದಿನ ಕಂಡುಹಿಡಿಯುತ್ತದೆ. ಅಂದಿನಿಂದ ಚಪಾತಿಯನ್ನೂ ಅನುಮಾನಿಸುತ್ತದೆ. ಐದನೆಯದು ಎಲ್ಲಕ್ಕಿಂತ ನಯವಾದದ್ದು: ‘ನೀನು ತಿನ್ನದಿದ್ದರೆ ಅಮ್ಮನಿಗೆ ದುಃಖವಾಗುತ್ತದೆ.’ ಹೀಗೆ ಹೇಳಿದಾಗ ಮಗು ತನ್ನ ಹಸಿವೆಗಾಗಿ ತಿನ್ನುವುದನ್ನು ಬಿಟ್ಟು ನಮ್ಮ ಮನಸ್ಸಿನ ಸಮಾಧಾನಕ್ಕಾಗಿ ತಿನ್ನಲು ಕಲಿಯುತ್ತದೆ. ಅಷ್ಟು ಚಿಕ್ಕ ಹೆಗಲಿನ ಮೇಲೆ ನಮ್ಮ ಸುಖದುಃಖದ ಮೂಟೆಯನ್ನು ಹೊರಿಸುವುದು ಯಾವ ಧರ್ಮ?

ಹಾಗಾದರೆ ಮಗುವನ್ನು ಅದರ ಪಾಡಿಗೆ ಬಿಟ್ಟುಬಿಡಬೇಕೆ? ಬಿಟ್ಟರೆ ಮೂರು ಹೊತ್ತೂ ಬಿಸ್ಕತ್ತು ಮತ್ತು ಮ್ಯಾಗಿ ತಿಂದೀತಲ್ಲ! ಈ ಪ್ರಶ್ನೆಗೆ ಒಂದು ಹಳೆಯ ಪ್ರಯೋಗ ಉತ್ತರ ಕೊಡುತ್ತದೆ. ಅಮೆರಿಕದ ಕ್ಲಾರಾ ಡೇವಿಸ್ ಎಂಬ ಮಕ್ಕಳ ವೈದ್ಯೆ 1920ರ ದಶಕದ ಕೊನೆಯಲ್ಲಿ, ಆಗತಾನೆ ಮೊಲೆಹಾಲು ಬಿಟ್ಟ ಶಿಶುಗಳ ಮುಂದೆ ಬಗೆಬಗೆಯ ಆಹಾರದ ಬಟ್ಟಲುಗಳನ್ನಿಟ್ಟು, ಯಾರೂ ಒತ್ತಾಯ ಮಾಡದೆ, ಅವು ತೋರಿಸಿದ್ದನ್ನಷ್ಟೇ ಉಣಿಸುವ ಏರ್ಪಾಡು ಮಾಡಿದಳು. ಹದಿನೈದು ಮಕ್ಕಳ ಫಲಿತಾಂಶವನ್ನು 1939ರಲ್ಲಿ ಪ್ರಕಟಿಸಿದಳು. ಒಂದೊಂದು ಮಗುವಿನ ಆಯ್ಕೆಯೂ ಒಂದೊಂದು ತೆರ. ಆದರೂ ಎಲ್ಲ ಮಕ್ಕಳೂ ಪುಷ್ಟವಾಗಿ ಬೆಳೆದವು. ಇದನ್ನು ಕೇಳಿ ‘ಮಗುವಿಗೆ ಎಲ್ಲ ಗೊತ್ತು’ ಎಂದು ಕುಣಿಯುವವರಿಗೆ ಆಕೆಯೇ ಎಚ್ಚರಿಕೆ ಕೊಟ್ಟಿದ್ದಳು. ಗುಟ್ಟು ಇದ್ದದ್ದು ಆಹಾರದ ಪಟ್ಟಿಯಲ್ಲಿ. ಅಲ್ಲಿಟ್ಟ ಮೂವತ್ತನಾಲ್ಕು ಪದಾರ್ಥಗಳೂ ಹಣ್ಣು, ತರಕಾರಿ, ಧಾನ್ಯ, ಹಾಲು, ಮೊಟ್ಟೆ, ಮಾಂಸ ಮುಂತಾದ ಸಹಜ ಆಹಾರಗಳು. ಸಕ್ಕರೆಯ ತಿಂಡಿ ಒಂದೂ ಇರಲಿಲ್ಲ. ಆರಿಸಿದವರು ಮಕ್ಕಳು, ಆಯ್ಕೆಗೆ ಏನಿಡಬೇಕೆಂದು ಆರಿಸಿದವರು ಹಿರಿಯರು.

ಇದೇ ವಿವೇಕವನ್ನು ಅಮೆರಿಕದ ಇನ್ನೊಬ್ಬ ಆಹಾರತಜ್ಞೆ ಎಲಿನ್ ಸ್ಯಾಟರ್ 1980ರ ದಶಕದಲ್ಲಿ ಕೆಲಸದ ಹಂಚಿಕೆಯಾಗಿ ಹೇಳಿದಳು. ಏನು, ಯಾವಾಗ, ಎಲ್ಲಿ ಎಂಬುದು ಹಿರಿಯರ ಹೊಣೆ. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದು ಮಗುವಿನ ಹೊಣೆ. ನಮ್ಮ ಎರಡು ಗಾದೆಗಳ ಜಗಳ ಇಲ್ಲಿ ತೀರುತ್ತದೆ. ಗಿಡವನ್ನು ಬಗ್ಗಿಸುವ ಕೆಲಸ ತಟ್ಟೆಗೆ ಬಡಿಸುವವರೆಗೆ. ಅಲ್ಲಿಂದ ಮುಂದೆ ಊಟ ತನ್ನಿಚ್ಛೆ.

ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ನಾವು ದಿನವೂ ಮಾಡುವ ನೈವೇದ್ಯವನ್ನೇ ನೆನೆಯಿರಿ. ಮಡಿಯಲ್ಲಿ ಅಡಿಗೆ ಮಾಡುತ್ತೇವೆ; ಒಳ್ಳೆಯದನ್ನೇ ಆರಿಸಿ ಎಲೆಯ ಮೇಲೆ ಇಡುತ್ತೇವೆ; ಹೊತ್ತಿಗೆ ಸರಿಯಾಗಿ ಇಡುತ್ತೇವೆ. ಆಮೇಲೆ ತೆರೆ ಎಳೆದು ಸುಮ್ಮನಾಗುತ್ತೇವೆ. ‘ಯಾಕೆ ಮುಟ್ಟಲಿಲ್ಲ, ಇಷ್ಟು ಕಷ್ಟಪಟ್ಟು ಮಾಡಿದ್ದೇನೆ’ ಎಂದು ಯಾರೂ ದೇವರ ಮೂಗು ಹಿಡಿಯುವುದಿಲ್ಲ. ಉಳಿದದ್ದನ್ನು ಪ್ರಸಾದವೆಂದು ನಾವೇ ಸಂತೋಷದಿಂದ ತಿನ್ನುತ್ತೇವೆ. ಮರುದಿನ ಮತ್ತೆ ಇಡುತ್ತೇವೆ. ಮಗುವಿಗೆ ಹೊಸ ರುಚಿಯನ್ನು ಪರಿಚಯ ಮಾಡಿಸುವ ವಿಧಾನವೆಲ್ಲ ಇದರಲ್ಲಿದೆ.

‘ಮರುದಿನ ಮತ್ತೆ’ ಎಂಬುದೇ ಮುಖ್ಯ. ಅಪರಿಚಿತ ರುಚಿಯೊಂದು ಒಗ್ಗಬೇಕಾದರೆ ಮಗು ಅದನ್ನು ಎಂಟು-ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ ನಾಲಗೆಗೆ ಮುಟ್ಟಿಸಬೇಕಾಗುತ್ತದೆ ಎಂಬುದು ಅನೇಕ ಪರೀಕ್ಷೆಗಳಿಂದ ಗೊತ್ತಾಗಿದೆ. ನಾವು ಮೂರನೆಯ ಸಲಕ್ಕೇ ‘ನಮ್ಮ ಮಗುವಿಗೆ ಬದನೆಕಾಯಿ ಆಗುವುದಿಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಅನ್ನವನ್ನು ಚೆಲ್ಲಬಾರದು, ನಿಂದಿಸಬಾರದು ಎಂಬ ಸಂಸ್ಕಾರ ನಮ್ಮದು. ತೈತ್ತಿರೀಯ ಉಪನಿಷತ್ತೂ ಅದನ್ನು ವ್ರತವೆಂದು ಹೇಳುತ್ತದೆ. ಆ ಸಂಸ್ಕಾರ ಕೆಡಬಾರದು. ಅದಕ್ಕೆ ಉಪಾಯ, ಹೊಸದನ್ನು ಹುಣಸೆಬೀಜದಷ್ಟೇ ಬಡಿಸುವುದು. ಪಕ್ಕದಲ್ಲಿ ಮಗುವಿಗೆ ಒಗ್ಗಿದ ಮೊಸರನ್ನವೋ ತೊವ್ವೆ ಅನ್ನವೋ ಇರಲಿ. ಬಾಯಿಗೆ ಹಾಕಿಕೊಂಡು ಬೇಡವೆನಿಸಿದರೆ ಉಗುಳಲು ಅನುಮತಿ ಇರಲಿ. ಉಗುಳಬಹುದೆಂಬ ಧೈರ್ಯವಿದ್ದರೇ ಬಾಯಿಗೆ ಹಾಕಿಕೊಳ್ಳುವ ಧೈರ್ಯ ಬರುವುದು.

ಇನ್ನೊಂದು ಮಾತು. ಆರ್.ಕೆ. ಪುರದ ನಮ್ಮ ಸಂಘದ ಕಟ್ಟಡದಲ್ಲಿ ಹಬ್ಬದ ಊಟಕ್ಕೆ ಕುಳಿತಾಗ ನೀವು ಗಮನಿಸಿರಬಹುದು. ಮನೆಯಲ್ಲಿ ಕೋಸಂಬರಿ ಮುಟ್ಟದ ಮಗು ಅಲ್ಲಿ ಪಕ್ಕದ ಮಗುವನ್ನು ನೋಡಿ ತಾನೂ ಬಾಯಿಗೆ ಹಾಕಿಕೊಳ್ಳುತ್ತದೆ. ಇದು ನಮ್ಮ ಭ್ರಮೆಯಲ್ಲ. ಜೊತೆಯ ಮಕ್ಕಳು ಆರಿಸಿದ ತರಕಾರಿಯನ್ನೇ ಮೊದಲು ಇಷ್ಟಪಡದಿದ್ದ ಮಗುವೂ ಆರಿಸತೊಡಗುತ್ತದೆ ಎಂದು ಬರ್ಚ್ 1980ರಲ್ಲಿಯೇ ತೋರಿಸಿದ್ದಳು. ಅಜ್ಜಿ ಒಬ್ಬಳು ನಡುವೆ ಕುಳಿತು ಸುತ್ತಲಿನ ಹತ್ತು ಮಕ್ಕಳಿಗೆ ಸರದಿಯಂತೆ ಕೈತುತ್ತು ಹಾಕುತ್ತಿದ್ದ ಬೆಳದಿಂಗಳ ಊಟದಲ್ಲಿ ಯಾರೂ ಯಾರನ್ನೂ ಒತ್ತಾಯಿಸುತ್ತಿರಲಿಲ್ಲ. ತನ್ನ ಸರದಿ ತಪ್ಪೀತೆಂಬ ಆತಂಕವೇ ಇರುತ್ತಿತ್ತು. ಈಗ ತಂದೆ ಒಂಬತ್ತಕ್ಕೆ ಬರುತ್ತಾನೆ, ತಾಯಿ ನಿಂತುಕೊಂಡು ಏನೋ ಬಾಯಿಗೆ ಹಾಕಿಕೊಳ್ಳುತ್ತಾಳೆ, ಮಗು ಒಂಟಿಯಾಗಿ ಎತ್ತರದ ಕುರ್ಚಿಯಲ್ಲಿ ಕುಳಿತು ವಿಚಾರಣೆಯ ಕೈದಿಯಂತೆ ತಟ್ಟೆಯನ್ನು ಎದುರಿಸುತ್ತದೆ. ನಾವು ತಿನ್ನದ ಸೊಪ್ಪನ್ನು ಮಗು ತಿನ್ನಬೇಕೆಂದು ಬಯಸುವುದು ಯಾವ ನ್ಯಾಯ?

ವೈದ್ಯಕೀಯ ಎಚ್ಚರವನ್ನೂ ಒಂದು ಮಾತಿನಲ್ಲಿ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ ಇದೆ. ಊಟ ಬಿಟ್ಟಿತೆಂದು ದಿನಕ್ಕೆ ಅರ್ಧ ಲೀಟರಿಗಿಂತ ಬಹಳ ಹೆಚ್ಚು ಹಾಲು ಕುಡಿಸಿದರೆ ಹಸಿವೆಯೂ ಹೋಗುತ್ತದೆ, ಕಬ್ಬಿಣಾಂಶವೂ ಕಡಿಮೆಯಾಗುತ್ತದೆ. ತೂಕ ಇಳಿದರೆ, ನುಂಗಲು ಕಷ್ಟಪಟ್ಟರೆ, ಬೆರಳೆಣಿಕೆಯ ಪದಾರ್ಥಗಳನ್ನು ಬಿಟ್ಟು ಏನನ್ನೂ ಮುಟ್ಟದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅಲ್ಲಿ ತತ್ತ್ವವಿಚಾರಕ್ಕೆ ಕೆಲಸವಿಲ್ಲ.

ಆದರೆ ಊರು ಬಿಟ್ಟು ಬಂದ ನಮ್ಮಂಥವರ ಮನೆಯಲ್ಲಿ ಹಟ ಇಷ್ಟು ಜೋರಾಗುವುದಕ್ಕೆ ಪೌಷ್ಟಿಕತೆ ಕಾರಣವಲ್ಲ. ರಾಜ್ಮಾ ಚಾವಲ್ ತಿಂದ ಮಗುವೂ ಬೆಳೆಯುತ್ತದೆ. ನಮಗಿರುವ ಭಯ ಬೇರೆ. ನಾಲಗೆ ಎಂಬ ಒಂದೇ ಅಂಗದಲ್ಲಿ ರುಚಿಯೂ ಇದೆ, ನುಡಿಯೂ ಇದೆ. ಇಂದು ಮುದ್ದೆ ಬೇಡವೆಂದ ಮಗು ನಾಳೆ ಕನ್ನಡವೂ ಬೇಡವೆಂದೀತು ಎಂಬ ಅಳುಕು. ಆದ್ದರಿಂದ ಒಂದು ಬಟ್ಟಲು ಸಾರಿನ ಮೇಲೆ ಇಡೀ ನಾಡಿನ ಭಾರವನ್ನು ಹೇರುತ್ತೇವೆ. ಪಾಪ, ಸಾರು ಅದನ್ನು ಹೊರಲಾರದು.

ಸ್ವಲ್ಪ ಯೋಚಿಸಿದರೆ ಆ ಸಾರಿನ ಚರಿತ್ರೆಯೂ ವಿನಯವನ್ನೇ ಕಲಿಸುತ್ತದೆ. ಅದರಲ್ಲಿರುವ ಮೆಣಸಿನಕಾಯಿ, ಟೊಮೇಟೊ ಎರಡೂ ಅಮೆರಿಕ ಖಂಡದಿಂದ ಬಂದವು. ಪೋರ್ಚುಗೀಸರು ಬರುವ ಮುನ್ನ ನಮ್ಮ ಅಡಿಗೆಯಲ್ಲಿ ಕಾರಕ್ಕೆ ಕರಿಮೆಣಸೇ ಗತಿ. ಕೃಷ್ಣದೇವರಾಯನ ಎಲೆಯ ಮೇಲೆ ಟೊಮೇಟೊ ಸಾರು ಇರಲಿಲ್ಲ. ಯಾರೋ ಒಬ್ಬ ಪೂರ್ವಿಕರು ಮೂಗು ಮುರಿಯದೆ ಹೊಸದನ್ನು ಬಾಯಿಗೆ ಹಾಕಿಕೊಂಡಿದ್ದರಿಂದಲೇ ಇಂದು ಅದು ‘ನಮ್ಮದು’ ಆಗಿದೆ. ಇನ್ನು ಪಕ್ಕಾ ನಮ್ಮದೇ ಎಂದುಕೊಂಡ ರಾಗಿಯನ್ನು ನೋಡಿ. ಗಢವಾಲ, ಕುಮಾವುಗಳ ಬೆಟ್ಟದ ಜನ ಅದನ್ನು ಮಂಡುವಾ ಎಂದು ಕರೆದು ರೊಟ್ಟಿ ಮಾಡುತ್ತಾರೆ. ನಮ್ಮ ಹುರುಳಿಯೇ ಅವರ ಗಹತ್. ಆ ಕಡೆಯವರು ದೆಹಲಿಯಲ್ಲಿ ನಮಗಿಂತ ಹೆಚ್ಚಿದ್ದಾರೆ.

ಈಗ ನನ್ನ ಮಗಳ ಮಗನಿಗೆ ಮೂರು ವರ್ಷ. ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ ಮಗಳು, ಮೊಮ್ಮಗ ನಮ್ಮಲ್ಲಿಗೆ ಬಂದಿದ್ದರು. ಮೇಲಿನ ಮನೆಯ ಗಢವಾಲಿ ತಾಯಿ ಒಂದು ಬಟ್ಟಲು ಗಹತ್ ದಾಲ್ ಕಳಿಸಿದರು. ಮೊಮ್ಮಗ ಬೆರಳು ಅದ್ದಿ ನೆಕ್ಕಿದ, ಮುಖ ಹಿಂಡಿದ, ಬಟ್ಟಲನ್ನು ತಳ್ಳಿದ. ಅವನ ತಾಯಿ ‘ಸರಿ, ಬಿಡು’ ಎಂದಳೇ ಹೊರತು ಇನ್ನೇನೂ ಹೇಳಲಿಲ್ಲ. ಆಮೇಲೆ ಅವನು ಬಿಟ್ಟ ಬಟ್ಟಲಿನಿಂದ ತಾನೇ ಒಂದು ಚಮಚ ತೆಗೆದುಕೊಂಡು ಬಾಯಿಗಿಟ್ಟಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಪ್ಪಾ, ಇದು ಹುರುಳಿಯಲ್ಲವೆ?’ ಎಂದಳು.

ಹೌದೆಂದೆ. 1989ರ ಆ ರಾತ್ರಿಯ ವಿಷಯ ನನ್ನ ನಾಲಗೆಯ ತುದಿಗೆ ಬಂದಿತ್ತು. ಕ್ಷಮೆ ಕೇಳಬೇಕೆಂದಿತ್ತು, ‘ಇನ್ನೊಂದು ಚಮಚ ತಿನ್ನು’ ಎನ್ನಬೇಕೆಂದೂ ಇತ್ತು. ಕ್ಷಮೆಯನ್ನು ಕೇಳಿದೆ. ಎರಡನೆಯ ಮಾತನ್ನು ಆಡಲಿಲ್ಲ. ಅವಳು ನಕ್ಕು, ‘ಅಜ್ಜಿ ಎತ್ತಿಕೊಂಡದ್ದು ಮಾತ್ರ ನನಗೆ ನೆನಪಿದೆ’ ಎಂದಳು. ಇನ್ನೊಂದು ಚಮಚ ತಿಂದಳು, ಬಟ್ಟಲನ್ನು ಕೆಳಗಿಟ್ಟಳು. ಉಳಿದದ್ದನ್ನು ನಾನು ಅನ್ನಕ್ಕೆ ಕಲಸಿಕೊಂಡು ಉಂಡೆ. ಮೊಮ್ಮಗ ನನ್ನ ತಟ್ಟೆಯನ್ನೇ ನೋಡುತ್ತಿದ್ದ.